ಗೃಹವಿಚಾರ: ಹಿಮದ ಹಾದಿಯೂ ನಾಲ್ಕು ಚಕ್ರಗಳ ಬಲವೂ

ಸಂಸಾರಕ್ಕೆ ಬೇಕಾದ ವಸ್ತುಗಳ ಗುಣದೋಷಗಳನ್ನು ಕುರಿತು ಈ ಪುಟಗಳಲ್ಲಿ ಬರೆಯುವುದು ನಮ್ಮ ವಾಡಿಕೆಯಷ್ಟೆ. ಒಲೆ, ಹಾಸಿಗೆ, ಪಾತ್ರೆಗಳಂತೆ ಮೋಟಾರು ಬಂಡಿಯೂ ಈಗ ಅನೇಕ ಮನೆಗಳಲ್ಲಿ ಸಂಸಾರದ ವಸ್ತುವೇ ಆಗಿರುವುದು. ಅದರಲ್ಲಿಯೂ ನಮ್ಮ ಕಡೆಯ ಮಕ್ಕಳು ಉದ್ಯೋಗನಿಮಿತ್ತವಾಗಿ ಹೋಗಿ ನೆಲೆಸಿರುವ ಅಮೆರಿಕದ ಮಿನೆಸೋಟ, ಮಿಷಿಗನ್, ಕೆನಡಾದ ಒಂಟಾರಿಯೋ ಮೊದಲಾದ ಶೀತಪ್ರಾಂತಗಳಲ್ಲಿ ಅದಿಲ್ಲದೆ ಎಷ್ಟೋ ಮನೆಗಳಿಗೆ ಹಾಲು ತರಿಸುವುದೂ ಕಷ್ಟ. ಚಳಿಗಾಲದಲ್ಲಿ ಅಲ್ಲಿಯ ಹಾದಿಗಳ ಮೇಲೆ ಹಿಮ ಬೀಳುವುದು, ಕರಗುವುದು, ಮತ್ತೆ ಗಡ್ಡೆಕಟ್ಟುವುದು. ಅಂಥ ನಾಡಿಗೆ ಹೊಸದಾಗಿ ಹೋದವರಲ್ಲಿ ಅನೇಕರು ಕೊಳ್ಳುವುದು ‘ಕ್ರಾಸೋವರ್’ ಎಂಬ, ಉದ್ದದಲ್ಲಿ ಚಿಕ್ಕದೂ ನೆಲದಿಂದ ಎತ್ತರವೂ ಆದ ಬಂಡಿಯನ್ನು. “ಇದರ ನಾಲ್ಕು ಚಕ್ರಗಳೂ ಎಳೆಯುತ್ತವೆ, ಇನ್ನು ಹಿಮಕ್ಕೆ ಹೆದರಬೇಕಾದುದಿಲ್ಲ” ಎಂದು ಅವರು ಊರಿಗೆ ತಿಳಿಸುವರು. ಇಲ್ಲಿ ತಾಯಿತಂದೆಗಳು ನೆಮ್ಮದಿಯಿಂದ ನಿದ್ರೆಮಾಡುವರು. ಈ ನೆಮ್ಮದಿಯಲ್ಲಿ ಅರ್ಧವು ನ್ಯಾಯವಾದುದು, ಉಳಿದರ್ಧವು ಅಪಾಯಕರವಾದುದು. ಎರಡನ್ನೂ ಬೇರ್ಪಡಿಸಿ ತೋರಿಸುವುದೇ ಈ ತಿಂಗಳ ನಮ್ಮ ಉದ್ದೇಶ.

ಎಂಜಿನ್ನಿನ ಬಲವನ್ನು ನಾಲ್ಕು ಚಕ್ರಗಳಿಗೂ ಹಂಚುವ ಏರ್ಪಾಡು ಬಹುಕಾಲ ಸೈನ್ಯದ ಜೀಪುಗಳಿಗೂ ಕಾಡುಹೊಲಗಳ ಕೆಲಸದ ವಾಹನಗಳಿಗೂ ಹೆಚ್ಚುಕಡಿಮೆ ಮೀಸಲಾಗಿದ್ದಿತು. ಜಪಾನಿನ ಈಶಾನ್ಯಭಾಗದಲ್ಲಿ ತೊಹೊಕು ಎಂಬ, ಹಿಮ ಹೆಚ್ಚಾಗಿ ಬೀಳುವ ಪ್ರಾಂತವುಂಟು. ಅಲ್ಲಿಯ ವಿದ್ಯುಚ್ಛಕ್ತಿ ಕಂಪನಿಯವರು, ಬೆಟ್ಟಗಳ ಮೇಲೆ ಕೆಲಸಕ್ಕೆ ಹೋಗುವ ತಮ್ಮ ನೌಕರರಿಗೆ ಜೀಪಿಗಿಂತ ಬೆಚ್ಚಗಿರುವ, ಮೈ ಕುಲುಕದ ಬಂಡಿಯೊಂದು ಬೇಕೆಂದು ಬಯಸಿದರು. ಅದರಿಂದ ಹುಟ್ಟಿದ ಪ್ರಯತ್ನದ ಫಲವಾಗಿ ೧೯೭೨ರಲ್ಲಿ ಸುಬಾರು ಲಿಯೋನೆ ಎಂಬ, ಸಂಸಾರದ ಕಾರಿನ ಮೈಯೂ ಜೀಪಿನ ಕಾಲೂ ಉಳ್ಳ ಬಂಡಿ ಮಾರಾಟಕ್ಕೆ ಬಂದಿತು. ಬಳಿಕ ೧೯೯೪ರಲ್ಲಿ ಟೊಯೋಟಾದ ರ್‍ಯಾವ್-ಫೋರ್, ೧೯೯೫ರಲ್ಲಿ ಹೋಂಡಾದ ಸಿ-ಆರ್-ವಿ, ೧೯೯೭ರಲ್ಲಿ ಸುಬಾರು ಫಾರೆಸ್ಟರ್ ಹೀಗೆ ಒಂದಾದ ಮೇಲೊಂದು ಬಂದು, ಈ ಜಾತಿಯ ಬಂಡಿಗಳು ಶೀತದೇಶಗಳ ಬೀದಿಬೀದಿಗಳಲ್ಲಿಯೂ ತುಂಬಿದವು. ಕಾರಿನಂತೆ ಸುಲಭವಾಗಿ ಹತ್ತಿಳಿಯಬಹುದು. ಮಕ್ಕಳ ಗಾಡಿ, ದಿನಸಿಯ ಚೀಲಗಳಿಗೆ ಹಿಂಭಾಗದಲ್ಲಿ ಸ್ಥಳವುಂಟು. ತಳವು ನೆಲದಿಂದ ೨೦ ಸೆಂಟಿಮೀಟರಿನಷ್ಟು ಮೇಲಿರುವುದರಿಂದ ಸಾಧಾರಣ ಹಿಮದಲ್ಲಿ ಹೊಟ್ಟೆ ತಗುಲದು. ಸಂಸಾರಸ್ಥರು ಇವನ್ನು ಮೆಚ್ಚಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೆಸರಿನಲ್ಲಿ ಹೂತ ಗಾಡಿಯನ್ನು ಮೇಲೆತ್ತುವುದನ್ನು ಕಂಡವರಿಗೆ ನಾಲ್ಕು ಚಕ್ರಗಳ ಗುಟ್ಟು ಸುಲಭವಾಗಿ ತಿಳಿಯುವುದು. ಇಬ್ಬರೇ ಹೆಗಲು ಕೊಟ್ಟರೆ ಅವರ ಕಾಲು ಜಾರುವುದು. ನಾಲ್ವರು ಹೆಗಲು ಕೊಟ್ಟರೆ ಒಬ್ಬೊಬ್ಬರ ಪಾಲಿನ ಶ್ರಮ ಕಡಿಮೆಯಾಗಿ, ಯಾರ ಕಾಲೂ ಜಾರದೆ ಗಾಡಿ ಮೇಲೇಳುವುದು. ಚಕ್ರಗಳ ಸಂಗತಿಯೂ ಹಾಗೆಯೇ. ಜಾರುವ ನೆಲದಲ್ಲಿ ಒಂದು ಚಕ್ರವು ಇಷ್ಟು ಬಲವನ್ನು ಮಾತ್ರ ನೆಲಕ್ಕೆ ಒಪ್ಪಿಸಬಲ್ಲದು. ಅದಕ್ಕಿಂತ ಹೆಚ್ಚಾದರೆ ನಿಂತಲ್ಲಿಯೇ ಗಿರ್ರನೆ ತಿರುಗುವುದು. ಈ ಜಾತಿಯ ಬಹುಪಾಲು ಬಂಡಿಗಳಲ್ಲಿ ಮಾಮೂಲಿನ ಹಾದಿಯಲ್ಲಿ ಮುಂದಿನ ಚಕ್ರಗಳೆರಡೇ ಎಳೆಯುವುವು. ಅವು ಜಾರಿದೊಡನೆ ಯಂತ್ರವು ಅದನ್ನು ಅರಿತು, ನಡುವಿನ ಕ್ಲಚ್ಚಿನ ಬಿಲ್ಲೆಗಳನ್ನು ಬಿಗಿಗೊಳಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಿನ ಚಕ್ರಗಳಿಗೂ ಬಲವನ್ನು ಕಳುಹಿಸುವುದು. ಸುಬಾರುವಿನಂಥ ಕೆಲವು ಬಂಡಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಯಾವಾಗಲೂ ಬಲ ಸಲ್ಲುತ್ತಿರುವುದು. ಆದುದರಿಂದ ಹಿಮ ತುಂಬಿದ ಅಂಗಳದಿಂದ ಹೊರಡುವುದಕ್ಕೂ, ಜಾರುವ ದಿಣ್ಣೆಯನ್ನು ಏರುವುದಕ್ಕೂ ಈ ಬಂಡಿಗಳು ನಿಜವಾಗಿಯೂ ಉತ್ತಮವಾದುವು. ನೆಮ್ಮದಿಯಲ್ಲಿ ನ್ಯಾಯವಾದ ಅರ್ಧವು ಇದು.

ಇನ್ನುಳಿದ ಅರ್ಧವನ್ನು ನೋಡೋಣ. ಬಂಡಿಯನ್ನು ನಿಲ್ಲಿಸುವುದು ಬ್ರೇಕು. ಅದು ಯಾವ ಕಾರಿನಲ್ಲಿಯಾದರೂ ನಾಲ್ಕು ಚಕ್ರಗಳಿಗೂ ಮೊದಲಿನಿಂದಲೇ ಇರುವುದು. ಆದಕಾರಣ ನಿಲ್ಲಿಸುವ ಹೊತ್ತಿಗೆ ಈ ಹೊಸ ಬಂಡಿಯ ನೆರವಿಗೆ ಬೇರೆ ಯಾವ ಹೆಗಲೂ ಒದಗದು. ತಾಸಿಗೆ ೫೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಬಂಡಿಯು ಬ್ರೇಕು ಹಿಡಿದ ಮೇಲೆ ಒಣ ಹಾದಿಯಲ್ಲಿ ಸುಮಾರು ೧೫ ಮೀಟರಿನಲ್ಲಿ ನಿಲ್ಲುವುದು. ತುಳಿದು ಗಟ್ಟಿಯಾದ ಹಿಮದ ಮೇಲಾದರೆ ಸುಮಾರು ೫೦ ಮೀಟರು ಬೇಕು. ನುಣುಪಾದ ಮಂಜುಗಡ್ಡೆಯ ಮೇಲೆ ೧೦೦ ಮೀಟರಿನಷ್ಟೂ ಆಗಬಹುದು. ಎದುರಿನ ಮಗುವನ್ನು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಬಂಡಿಯು ೧೪ ಮೀಟರು ಮುಂದೆ ಸಾಗಿರುವುದನ್ನೂ ಈ ಲೆಕ್ಕಕ್ಕೆ ಕೂಡಿಸಬೇಕು. ತಿರುವಿನಲ್ಲಿಯೂ ಹೀಗೆಯೇ: ವೇಗವು ನೆಲದ ಹಿಡಿತವನ್ನು ಮೀರಿದರೆ ನಾಲ್ಕು ಚಕ್ರಗಳೂ ಒಟ್ಟಿಗೆ ಜಾರುವುವು.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯ ಮತ್ತೊಂದುಂಟು. ಎರಡು ಚಕ್ರಗಳು ಮಾತ್ರ ಎಳೆಯುವ ಹಳೆಯ ಕಾರು ಮನೆಯ ಬಾಗಿಲಲ್ಲಿಯೇ ಜಾರಿ, “ಈ ದಿನ ಹಾದಿ ಸರಿಯಿಲ್ಲ, ಜೋಕೆ” ಎಂದು ಒಡೆಯನಿಗೆ ಎಚ್ಚರಿಕೆ ಕೊಡುವುದು. ಹೊಸ ಬಂಡಿಯಾದರೋ ಒಂದಿಷ್ಟೂ ಜಾರದೆ ಹೊರಟುಬಿಡುವುದು. ಒಳಗೆ ಬೆಚ್ಚಗೆ ಕುಳಿತು ನಡೆಯಿಸುವವನಿಗೆ ಕೆಳಗಿರುವುದು ಗಾಜಿನಂಥ ಗಡ್ಡೆಯೆಂಬುದೇ ತಿಳಿಯದು. ಮೊದಲನೆಯ ಬಾರಿ ಬ್ರೇಕು ಒತ್ತಿದಾಗ ಅದು ತಿಳಿಯುವುದು. ಅಷ್ಟುಹೊತ್ತಿಗೆ ಕಾಲ ಮಿಂಚಿರುವುದು. ಯಂತ್ರವು ಮುಚ್ಚಿಟ್ಟ ಈ ಎಚ್ಚರಿಕೆಯನ್ನು ಮನುಷ್ಯನು ತಾನಾಗಿ ತಂದುಕೊಳ್ಳಬೇಕು. ಹೊರಟ ಸ್ವಲ್ಪ ಹೊತ್ತಿನಲ್ಲಿಯೇ, ಹಿಂದೆಮುಂದೆ ಯಾರೂ ಇಲ್ಲದ ಕಡೆಯಲ್ಲಿ, ನಿಧಾನವಾಗಿ ಹೋಗುತ್ತ ಒಮ್ಮೆ ಬ್ರೇಕನ್ನು ಒತ್ತಿ ಹಾದಿಯ ಹಿಡಿತವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಹಾಗಾದರೆ ನಿಲ್ಲುವ ಬಲವು ಎಲ್ಲಿರುವುದೆಂದು ವಾಚಕರು ಕೇಳಬಹುದು. ಅದು ಟೈರಿನಲ್ಲಿರುವುದು. ಬೇಸಗೆಯ ಟೈರಿನ ರಬ್ಬರು, ಶಾಖವು ಸುಮಾರು ೭ ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿದಂತೆಲ್ಲ ಗಟ್ಟಿಯಾಗಿ ನೆಲವನ್ನು ಹಿಡಿಯುವ ಗುಣವನ್ನು ಕಳೆದುಕೊಳ್ಳುತ್ತ ಬರುವುದು. ಚಳಿಗಾಲದ ಟೈರಿನ ರಬ್ಬರು ಕೊರೆಯುವ ಚಳಿಯಲ್ಲಿಯೂ ಮೆತ್ತಗಿರುವುದು. ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುವುವು. ಮೂರು ಶಿಖರಗಳ ಪರ್ವತವೂ ಅದರೊಳಗೆ ಹಿಮದ ಹರಳೂ ಇರುವ ಚಿಹ್ನೆಯನ್ನು ಟೈರಿನ ಪಕ್ಕದಲ್ಲಿ ನೋಡಿ ಕೊಳ್ಳಬೇಕು. ಕೆಸರು ಮತ್ತು ಹಿಮವನ್ನು ಸೂಚಿಸುವ ‘ಎಂ’, ‘ಎಸ್’ ಎಂಬ ಎರಡಕ್ಷರಗಳು ಮಾತ್ರವಿದ್ದರೆ ಸಾಲದು. ಅವು ಟೈರಿನ ಗೆರೆಗಳ ಆಕಾರವನ್ನು ಹೇಳುವುವೇ ಹೊರತು ಹಿಮದ ಮೇಲೆ ಪರೀಕ್ಷೆಯಾದುದನ್ನು ಹೇಳುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ೨೦೦೮ರಿಂದ ಚಳಿಗಾಲದ ಟೈರುಗಳು ಕಡ್ಡಾಯವಾಗಿವೆ. ಡಿಸೆಂಬರು ೧ರಿಂದ ಮಾರ್ಚಿ ೧೫ರವರೆಗೆ ಅವುಗಳಿಲ್ಲದೆ ಅಲ್ಲಿಯ ಕಾರುಗಳು ಹಾದಿಗಿಳಿಯಕೂಡದು. ನಾಲ್ಕು ಚಕ್ರಗಳೂ ಎಳೆಯುವುವೆಂಬ ಕಾರಣದಿಂದ ಯಾವ ಕಾರಿಗೂ ಆ ಶಾಸನದಲ್ಲಿ ವಿನಾಯಿತಿಯಿಲ್ಲವೆಂಬುದನ್ನು ಗಮನಿಸಬೇಕು.

“ಇರುವ ಟೈರುಗಳೇ ಹೊಸವು; ಮತ್ತೆ ನಾಲ್ಕಕ್ಕೆ ದುಡ್ಡೇಕೆ?” ಎಂದು ಮನೆಯಲ್ಲಿ ಮಾತು ಬರುವುದು ಸಹಜ. ಒಂದು ಜೊತೆ ನಡೆಯುತ್ತಿರುವಾಗ ಇನ್ನೊಂದು ಜೊತೆ ವಿಶ್ರಾಂತಿಯಲ್ಲಿರುವುದರಿಂದ ಎರಡೂ ಹೆಚ್ಚು ಕಾಲ ಬಾಳುವುವು. ಖರ್ಚಿನಲ್ಲಿ ಒಂದು ಭಾಗ ಹೀಗೆ ಹಿಂದಿರುಗಿ ಬರುವುದು. ಆದರೆ ಎರಡೇ ಟೈರುಗಳನ್ನು ಬದಲಾಯಿಸಿ ಉಳಿತಾಯ ಮಾಡಲು ಹೊರಡಬಾರದು. ಮುಂದೆ ಹಿಡಿತವಿದ್ದು ಹಿಂದೆ ಇಲ್ಲದಿದ್ದರೆ ಬಂಡಿಯು ತಿರುವಿನಲ್ಲಿ ಬುಗುರಿಯಂತೆ ಸುತ್ತೀತು. ಮೇಲಾಗಿ, ನಾಲ್ಕು ಟೈರುಗಳ ಸವೆತ ಒಂದೇ ಸಮನಾಗಿರದಿದ್ದರೆ ಬಲವನ್ನು ಹಂಚುವ ಯಂತ್ರಭಾಗವು ಎಡೆಬಿಡದೆ ಉಜ್ಜಿ ಕೆಡುವುದು. ಅದರ ದುರಸ್ತಿಯು ಟೈರಿಗಿಂತ ದುಬಾರಿ.

ನಡೆಯಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ವೇಗ ಹೆಚ್ಚಿಸುವುದು, ತಿರುಗಿಸುವುದು, ನಿಲ್ಲಿಸುವುದು—ಈ ಮೂರನ್ನೂ ತುಂಬಿದ ಕೊಡವನ್ನು ಹೊತ್ತವರಂತೆ ಮೆಲ್ಲಗೆ ಮಾಡತಕ್ಕದ್ದು. ಎರಡನ್ನು ಏಕಕಾಲದಲ್ಲಿ ಮಾಡದಿರುವುದು ಉತ್ತಮ. ಮುಂದಿನ ಬಂಡಿಗೆ ಮಾಮೂಲಿಗಿಂತ ಮೂರು ನಾಲ್ಕು ಪಾಲು ದೂರವನ್ನು ಬಿಡಬೇಕು. ಇಳಿಜಾರನ್ನು ತಲುಪುವ ಮೊದಲೇ ಕೆಳಗಿನ ಗೇರಿಗೆ ತರಬೇಕು. ಸೇತುವೆಗಳ ಮೇಲೂ ಕೆಳಗೂ ತಣ್ಣನೆಯ ಗಾಳಿ ಸುಳಿಯುವುದರಿಂದ ಉಳಿದ ಹಾದಿ ಒದ್ದೆಯಾಗಿದ್ದಾಗಲೇ ಅವು ಗಡ್ಡೆಕಟ್ಟಿರುವುವು. ಕೊರೆಯುವ ಚಳಿಯ ದಿನಕ್ಕಿಂತ, ಗಡ್ಡೆಯು ಕರಗತೊಡಗುವ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಹಾದಿ ಹೆಚ್ಚು ಜಾರುವುದು. ಒಮ್ಮೆಗೇ ಬ್ರೇಕು ಹಿಡಿಯಬೇಕಾಗಿ ಬಂದಾಗ ಪೆಡಲು ಕಾಲಿನ ಕೆಳಗೆ ಗಡಗಡನೆ ನಡುಗಿದರೆ ಬೆದರಿ ಕಾಲೆತ್ತಬಾರದು. ಚಕ್ರಗಳು ಕಚ್ಚಿಕೊಳ್ಳದಂತೆ ಕಾಯುವ ಯಂತ್ರದ ಕೆಲಸವದು. ಬಂಡಿ ಜಾರಿದರೆ ಹೋಗಬೇಕಾದ ದಿಕ್ಕಿನಲ್ಲಿಯೇ ದೃಷ್ಟಿಯಿಟ್ಟು, ಎಕ್ಸಿಲರೇಟರಿನಿಂದ ಕಾಲು ತೆಗೆದು, ಆ ದಿಕ್ಕಿಗೇ ಸ್ಟಿಯರಿಂಗನ್ನು ಮೆಲ್ಲಗೆ ತಿರುಗಿಸಬೇಕು.

ಹೊರಡುವ ಮುನ್ನ ಮಾಡತಕ್ಕ ಕೆಲಸಗಳು ಗೃಹಕೃತ್ಯದಂತೆ ನಿತ್ಯದವು. ಗಾಜಿನಲ್ಲಿ ಇಣುಕಲು ಒಂದು ಕಿಂಡಿಯನ್ನು ಮಾತ್ರ ಒರಸಿಕೊಂಡು ಹೊರಡುವ ಸೋಮಾರಿತನ ಸಲ್ಲದು. ಮಾಳಿಗೆಯ ಮೇಲಿನ ಹಿಮವನ್ನೂ ಗುಡಿಸಬೇಕು. ಇಲ್ಲವಾದರೆ ಬ್ರೇಕು ಹಿಡಿದಾಗ ಅದು ಮುಂದಿನ ಗಾಜಿನ ಮೇಲೆ ಕುಸಿದು ಕಣ್ಣು ಕಟ್ಟುವುದು. ದೀಪಗಳನ್ನು ಒರಸಬೇಕು. ಸೊನ್ನೆಗಿಂತ ೧೮ ಡಿಗ್ರಿ ಕೆಳಗಾದಾಗ ಬ್ಯಾಟರಿಯ ಬಲ ಸುಮಾರು ಅರ್ಧಕ್ಕೆ ಇಳಿಯುವುದು. ಎಂಜಿನ್ನಿನ ಎಣ್ಣೆ ಮಂದವಾಗಿ ಬ್ಯಾಟರಿಯ ಕೆಲಸವೂ ಹೆಚ್ಚುವುದು. ಹಳೆಯ ಬ್ಯಾಟರಿಯನ್ನು ಚಳಿಗಾಲಕ್ಕೆ ಮೊದಲೇ ಪರೀಕ್ಷೆ ಮಾಡಿಸಬೇಕು. ಚಳಿ ಐದಾರು ಡಿಗ್ರಿ ಹೆಚ್ಚಿದಂತೆಲ್ಲ ಟೈರಿನ ಗಾಳಿಯ ಒತ್ತಡ ಒಂದು ಪೌಂಡಿನಷ್ಟು ಇಳಿಯುವುದರಿಂದ ಅದನ್ನೂ ಆಗಾಗ್ಗೆ ನೋಡಿಸಬೇಕು. ತಾಯಂದಿರಿಗೆ ಮುಖ್ಯವಾದ ಮಾತೊಂದುಂಟು: ಉಬ್ಬಿದ ದಪ್ಪ ಕೋಟನ್ನು ತೊಡಿಸಿ ಮಗುವನ್ನು ಪೀಠದ ಪಟ್ಟಿಯಲ್ಲಿ ಬಿಗಿಯಬಾರದು. ಅಪಘಾತದ ಹೊಡೆತಕ್ಕೆ ಕೋಟು ಚಪ್ಪಟೆಯಾಗಿ ಪಟ್ಟಿ ಸಡಿಲಗೊಳ್ಳುವುದು. ತೆಳುವಾದ ಉಡುಪಿನ ಮೇಲೆ ಪಟ್ಟಿ ಬಿಗಿದು, ಅದರ ಮೇಲೆ ಕಂಬಳಿ ಹೊದಿಸುವುದೇ ಸರಿ.

ಇಷ್ಟು ಜಾಗ್ರತೆಯಿದ್ದರೂ ಬಂಡಿ ಹಿಮದಲ್ಲಿ ಹೂತು ನಿಲ್ಲಬಹುದು. ಎಷ್ಟು ಚಕ್ರಗಳು ಎಳೆದರೇನು, ತಳವೇ ಹಿಮದ ಮೇಲೆ ಕುಳಿತರೆ ಅವು ಗಾಳಿಯಲ್ಲಿ ತಿರುಗುವುವು. ಆಗ ಒಳಗೇ ಕುಳಿತು ಎಂಜಿನ್ನು ನಡೆಯಿಸಿ ಬೆಚ್ಚಗಿರೋಣವೆನಿಸುವುದು. ಇದರಷ್ಟು ಘೋರವಾದ ಅಪಾಯ ಮತ್ತೊಂದಿಲ್ಲ. ಹಿಂದಿನ ಹೊಗೆಕೊಳವೆಯು ಹಿಮದಿಂದ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡೆಂಬ ವಿಷಾನಿಲವು ಬಂಡಿಯೊಳಗೆ ತುಂಬುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆ ಬಂದಂತಾಗಿ ಪ್ರಾಣವೇ ಹೋಗುವುದು. ೨೦೨೨ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ಹಾದಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ನಿಂತ ಬಂಡಿಗಳಲ್ಲಿ ೨೦ಕ್ಕೂ ಹೆಚ್ಚು ಜನರು ಮಡಿದರು, ಮಕ್ಕಳೂ ಅವರಲ್ಲಿದ್ದರು. ಚಳಿಯೂ ಈ ವಿಷಾನಿಲವೂ ಅದಕ್ಕೆ ಕಾರಣಗಳೆಂದು ವರದಿಯಾಯಿತು. ಆದುದರಿಂದ ಮೊದಲು ಇಳಿದು ಕೊಳವೆಯ ಸುತ್ತಣ ಹಿಮವನ್ನು ತೆಗೆಯಬೇಕು, ಅದು ಮತ್ತೆ ಮುಚ್ಚದಂತೆ ನೋಡುತ್ತಿರಬೇಕು. ತಾಸಿಗೆ ಹತ್ತು ನಿಮಿಷ ಮಾತ್ರ ಎಂಜಿನ್ನು ನಡೆಯಿಸಿ, ಗಾಳಿಯ ಮರೆಯ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಬೇಕು. ಬಂಡಿಯನ್ನು ಬಿಟ್ಟು ಹಿಮದ ಬಿರುಗಾಳಿಯಲ್ಲಿ ನಡೆದುಹೋಗಬಾರದು. ಸಣ್ಣ ಸಲಿಕೆ, ಕಂಬಳಿಗಳು, ಟಾರ್ಚು, ನೀರು, ಒಣ ತಿಂಡಿ, ಒಂದು ಚೀಲ ಮರಳು—ಇವು ಚಳಿಗಾಲ ಮುಗಿಯುವವರೆಗೆ ಬಂಡಿಯಲ್ಲಿಯೇ ಇರಲಿ; ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಿರಲಿ. ಬಾಗಿಲು ಮುಚ್ಚಿದ ಗರಾಜಿನಲ್ಲಿ ಎಂಜಿನ್ನನ್ನು ಬಿಸಿಮಾಡುವುದೂ ಇದೇ ವಿಷವನ್ನು ಮನೆಗೆ ಕರೆದಂತೆ.

ಕೊನೆಗೆ, ಈ ಬಂಡಿಯನ್ನು ಕೊಳ್ಳಬೇಕೇ ಬೇಡವೇ? ಮನೆಯು ದಿಣ್ಣೆಯ ಮೇಲಿದ್ದರೆ, ಹಾದಿಯ ಹಿಮವನ್ನು ತೆಗೆಯುವ ಬಂಡಿಗಳು ತಡವಾಗಿ ಬರುವ ಊರಾದರೆ, ಅಥವಾ ಆಸ್ಪತ್ರೆಯ ಕೆಲಸದವರಂತೆ ಬೆಳಗಾಗುವ ಮೊದಲೇ ಹೊರಡಬೇಕಾದ ಉದ್ಯೋಗವಿದ್ದರೆ ಅವಶ್ಯವಾಗಿ ಕೊಳ್ಳಬಹುದು. ಬೆಲೆಯೂ ಪೆಟ್ರೋಲೂ ಸ್ವಲ್ಪ ಹೆಚ್ಚಾದರೂ ಅದಕ್ಕೆ ತಕ್ಕ ಪ್ರಯೋಜನವುಂಟು. ಹಾದಿಗೆ ಚೆಲ್ಲುವ ಉಪ್ಪು ತಳವನ್ನು ತುಕ್ಕುಹಿಡಿಸದಂತೆ ಆಗಾಗ್ಗೆ ಕೆಳಭಾಗವನ್ನು ತೊಳೆಯಿಸುತ್ತಿದ್ದರೆ ಹಲವು ವರ್ಷ ಬಾಳುವುದು. ಸಮನೆಲದ ಪಟ್ಟಣದಲ್ಲಿದ್ದು, ಬೆಳಗಾಗುವುದರೊಳಗೆ ಹಾದಿ ಹಸನಾಗುವುದಾದರೆ ಎರಡು ಚಕ್ರಗಳು ಎಳೆಯುವ ಸಾಧಾರಣ ಕಾರೂ ಚಳಿಗಾಲದ ಟೈರುಗಳೂ ಇದ್ದರೆ ಸಾಕು. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಟೈರಿಗೇ ಮೊದಲ ಮರ್ಯಾದೆ ಸಲ್ಲಬೇಕು.

ದೂರದಲ್ಲಿರುವ ಮಕ್ಕಳೊಡನೆ ಟೆಲಿಫೋನಿನಲ್ಲಿ ಮಾತನಾಡುವ ಹಿರಿಯರಿಗೆ ನಮ್ಮ ಸೂಚನೆ ಇಷ್ಟೆ. “ಬಂಡಿ ದೊಡ್ಡದೇನಪ್ಪಾ?” ಎಂದು ಕೇಳುವುದರಿಂದ ಏನೂ ತಿಳಿಯದು. “ಟೈರು ಬದಲಾಯಿಸಿದೆಯಾ? ಬಂಡಿಯಲ್ಲಿ ಸಲಿಕೆ, ಕಂಬಳಿ ಇಟ್ಟಿದ್ದೀಯಾ?” ಎಂದು ನವೆಂಬರು ಹುಟ್ಟುವ ಮೊದಲೇ ಕೇಳಿರಿ, ಹಿಮ ಬಿದ್ದ ದಿನ ಒಂದು ತಾಸು ತಡವಾಗಿ ಮನೆ ಸೇರಿದರೂ ಚಿಂತೆಯಿಲ್ಲವೆಂದು ಹೇಳಿರಿ. ಹಿರಿಯರ ಈ ಒಂದು ಮಾತು ಅವಸರದ ಕಾಲನ್ನು ಸ್ವಲ್ಪ ಸಡಿಲಿಸುವುದೆಂದು ನಾವು ನಂಬಿರುವೆವು.