ಕೂಸಿನ ಪಾಲನೆ: ನೆರವಿನ ಬಾಗಿಲು ಬದಲಾದಾಗ



ಅಂಗಳದಲ್ಲಿ ಅಂಬೆಗಾಲಿಡುವ ಕೂಸು ಮನೆಯ ಬೆಳಕು ಎಂಬ ಮಾತನ್ನು ಒಪ್ಪದವರಿಲ್ಲ. ಆದರೆ ಆ ಮನೆಯ ತಾಯಿ ಬೆಳಗಾಗುತ್ತಲೇ ಕಳೆ ತೆಗೆಯಲೆಂದೋ, ಕಟ್ಟಡದ ಕೆಲಸಕ್ಕೆಂದೋ ಬುತ್ತಿ ಕಟ್ಟಿಕೊಂಡು ಹೊರಟು ನಿಂತಾಗ ಕೂಸನ್ನು ಯಾರ ಮಡಿಲಿಗೆ ಒಪ್ಪಿಸಬೇಕೆಂಬ ಪ್ರಶ್ನೆ ಏಳುತ್ತದೆ. ಅಜ್ಜಿ ಇದ್ದ ಮನೆಯಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ. ಅಜ್ಜಿಯೂ ಕೂಲಿಗೆ ಹೋಗುವ ಮನೆಗಳು ನಮ್ಮ ಮರಿಯಮ್ಮನಹಳ್ಳಿಯಲ್ಲಿ ಬೇಕಾದಷ್ಟಿವೆ. ಅಂಥ ಮನೆಗಳ ಮಕ್ಕಳಿಗಾಗಿ ನಾವು ಕೆಲವರು ಮಹಿಳೆಯರು ಕೂಡಿ ಶಿಶುಪಾಲನಾ ಕೇಂದ್ರವೊಂದನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬರುತ್ತಿದ್ದೇವೆ.

ಈಚೆಗೆ ಪಾಲಕರ ಸಭೆಯಲ್ಲಿ ಒಬ್ಬ ಹಿರಿಯರು, “ಕೂಸುಗಳನ್ನು ನೋಡಿಕೊಳ್ಳಲು ಸರ್ಕಾರ ಹಣ ಕೊಡುತ್ತದೆಯಂತೆ, ಮತ್ತೆ ನಮ್ಮಿಂದ ಯಾಕೆ ವಂತಿಗೆ ತೆಗೆದುಕೊಳ್ಳುತ್ತೀರಿ?” ಎಂದು ನೇರವಾಗಿ ಕೇಳಿದರು. ಕೇಳಿದ್ದು ತಪ್ಪಲ್ಲ. ಈ ನೆರವಿನ ಕ್ರಮ ಕಳೆದ ಕೆಲವು ವರ್ಷಗಳಲ್ಲಿ ಮೇಲಿಂದ ಮೇಲೆ ಬದಲಾಗಿದೆ. ಬದಲಾದುದನ್ನು ತಿಳಿಸಿ ಹೇಳುವ ಕೆಲಸವನ್ನು ನಾವು ಮಾಡಬೇಕಾಗಿದ್ದಷ್ಟು ಮಾಡಲಿಲ್ಲ. ಆದ್ದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಹಿಂದಿನ ಸಂಗತಿ. ದುಡಿಯುವ ಮತ್ತು ಅಸ್ವಸ್ಥ ತಾಯಂದಿರ ಮಕ್ಕಳಿಗಾಗಿ ಶಿಶುಕೇಂದ್ರ ನಡೆಸುವ ಸ್ವಯಂಸೇವಾ ಸಂಸ್ಥೆಗಳಿಗೆ ಸಹಾಯಧನ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 1975ರಲ್ಲಿ ಆರಂಭಿಸಿತು. ಅಂಗನವಾಡಿಗಳ ಯೋಜನೆಯೂ ಅದೇ ವರ್ಷ ಅಕ್ಟೋಬರ್ 2ರಂದು ಆರಂಭವಾದುದು. 1994ರಲ್ಲಿ ರಾಷ್ಟ್ರೀಯ ಶಿಶುಪಾಲನಾ ನಿಧಿ ಬಂದಿತು. ಇವೆರಡನ್ನೂ ಕೂಡಿಸಿ 2006ರ ಜನವರಿ 1ರಿಂದ ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆ ಎಂದು ಹೆಸರಿಟ್ಟರು. ಒಂದು ಕೇಂದ್ರಕ್ಕೆ 25 ಮಕ್ಕಳು, ನೋಡಿಕೊಳ್ಳಲು ಇಬ್ಬರು. ಪೌಷ್ಟಿಕ ಆಹಾರಕ್ಕೆಂದು ಮಗುವೊಂದಕ್ಕೆ ದಿನಕ್ಕೆ 2 ರೂಪಾಯಿ 8 ಪೈಸೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬದವರು ತಿಂಗಳಿಗೆ 20 ರೂಪಾಯಿ, ಉಳಿದವರು 60 ರೂಪಾಯಿ ಕೊಡಬೇಕಾಗಿತ್ತು.

2017ರ ಜನವರಿ 1ರಿಂದ ಇದು ರಾಷ್ಟ್ರೀಯ ಶಿಶುಪಾಲನಾ ಯೋಜನೆಯಾಗಿ ರಾಜ್ಯ ಸರ್ಕಾರಗಳ ಮೂಲಕ ನಡೆಯತೊಡಗಿತು. ಮೊದಲು ನೂರು ರೂಪಾಯಿ ಖರ್ಚಿನಲ್ಲಿ 90ನ್ನು ಕೇಂದ್ರ ಸರ್ಕಾರ ಕೊಡುತ್ತಿತ್ತು, 10ನ್ನು ಸಂಸ್ಥೆ ಹೊಂದಿಸಬೇಕಾಗಿತ್ತು. ಆಮೇಲೆ ಕೇಂದ್ರದ್ದು 60, ರಾಜ್ಯದ್ದು 30, ಸಂಸ್ಥೆಯದು 10 ಎಂದಾಯಿತು. ಕೇಂದ್ರದ ಕಾರ್ಯಕರ್ತೆಗೆ ತಿಂಗಳಿಗೆ 3,000, ಸಹಾಯಕಿಗೆ 1,500 ರೂಪಾಯಿ ಗೌರವಧನ ನಿಗದಿಯಾಯಿತು. ಪಾಲಕರ ವಂತಿಗೆಯಲ್ಲಿ ಎರಡರ ಬದಲು ಮೂರು ಮೆಟ್ಟಿಲುಗಳಾದವು. ಬಡತನ ರೇಖೆಯ ಕೆಳಗಿನವರಿಗೆ ಮೊದಲಿನಂತೆ 20 ರೂಪಾಯಿ. ತಂದೆತಾಯಿಗಳಿಬ್ಬರ ಆದಾಯ ಸೇರಿ ತಿಂಗಳಿಗೆ 12,000ದವರೆಗೆ ಇರುವವರಿಗೆ 100. ಅದಕ್ಕೂ ಮೇಲ್ಪಟ್ಟವರಿಗೆ 200.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಆ ವರ್ಷ ನಾವು ಹೊಸ ದರಗಳನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ, ಅಲ್ಲಿಗೆ ನಮ್ಮ ಕರ್ತವ್ಯ ತೀರಿತೆಂದು ತಿಳಿದೆವು. ರೇಷನ್ ಕಾರ್ಡಿನ ಪ್ರತಿ ತಂದವರನ್ನು 20ರ ಪಟ್ಟಿಗೂ, ತರದವರನ್ನು 100ರ ಪಟ್ಟಿಗೂ ಸೇರಿಸಿದೆವು. ಕೂಲಿ ಮಾಡುವ ತಾಯಿಯೊಬ್ಬಳ ಬಳಿ ಕಾರ್ಡು ಇರಲಿಲ್ಲ. ಅತ್ತೆಯ ಮನೆಯಿಂದ ಬೇರೆಯಾಗಿ ಎರಡು ವರ್ಷವಾಗಿದ್ದರೂ ಅವಳ ಹೆಸರು ಅತ್ತೆಯ ಕಾರ್ಡಿನಲ್ಲಿಯೇ ಇತ್ತು. ಅಲ್ಲಿಯವರೆಗೆ ಬಾಯಿಮಾತಿನ ನಂಬಿಕೆಯ ಮೇಲೆ 20 ರೂಪಾಯಿ ತೆಗೆದುಕೊಳ್ಳುತ್ತಿದ್ದವರು ನಾವೇ. ಈಗ 100 ಎಂದವರೂ ನಾವೇ.

“ಅಕ್ಕಾರ, ನೂರು ರೂಪಾಯಿ ಎಲ್ಲಿಂದ ತರ್ಲಿ? ಇರ್ಲಿ ಬಿಡ್ರಿ, ದೊಡ್ಡ ಮಗಳದಾಳ, ಆಕಿ ನೋಡ್ಕೊಂತಾಳ” ಎಂದು ಹೇಳಿ ಅವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಹೋದಳು. ನಾವು ಸುಮ್ಮನಾದೆವು. ಒಂದೂವರೆ ತಿಂಗಳ ಮೇಲೆ ಹೊಲದ ದಾರಿಯಲ್ಲಿ ಹೋಗುತ್ತಿದ್ದಾಗ ಬೇವಿನ ಮರದ ಕೆಳಗೆ ಆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ ಹುಡುಗಿಯನ್ನು ಕಂಡೆವು. ಮೂರನೆಯ ತರಗತಿಯ ಮಗು. ಅಂದು ಶಾಲೆಗೆ ರಜೆಯಿರಲಿಲ್ಲ. ವಿಚಾರಿಸಿದರೆ, ಅವಳು ಶಾಲೆ ಬಿಟ್ಟೂ ಒಂದೂವರೆ ತಿಂಗಳಾಗಿತ್ತು.

ಅತ್ತೆಯ ಕಾರ್ಡಿನ ಪ್ರತಿಯನ್ನೇ ತಂದುಕೊಡು, ಹೊಸ ಕಾರ್ಡಿಗೆ ಅರ್ಜಿ ಹಾಕು ಎಂದು ಅಂದೇ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. 80 ರೂಪಾಯಿಯ ಅಂತರಕ್ಕಾಗಿ ಒಂದು ಮಗು ಮಡಿಲನ್ನೂ ಇನ್ನೊಂದು ಮಗು ಪಾಟಿಯನ್ನೂ ಕಳೆದುಕೊಂಡವು. ಮರುದಿನವೇ ಅವಳ ಮನೆಗೆ ಹೋಗಿ ಕೂಸನ್ನು ಕರೆತಂದೆವು. ಹುಡುಗಿಯೂ ಶಾಲೆಗೆ ಮರಳಿದಳು. ಆದರೆ ಕಳೆದುಹೋದ ಒಂದೂವರೆ ತಿಂಗಳ ಪಾಠವನ್ನು ಅವಳಿಗೆ ಯಾರೂ ಹಿಂದಿರುಗಿಸಲಿಲ್ಲ. ಕೂಸಿಗೆ ಹಾಲು ಕುಡಿಸುವುದು ಹೇಗೆ ನಮ್ಮ ಕಾಯಕವೋ, ತಾಯಿಗೆ ನಿಯಮವನ್ನು ತಿಳಿಯುವಂತೆ ಹೇಳುವುದೂ ಹಾಗೆಯೇ ನಮ್ಮ ಕಾಯಕವೆಂದು ಅಂದು ಮನದಟ್ಟಾಯಿತು.

ಇನ್ನು ಈಗಿನ ಸಂಗತಿ. 2022ರ ಏಪ್ರಿಲ್‌ನಿಂದ ಹಳೆಯ ಯೋಜನೆ ‘ಮಿಷನ್ ಶಕ್ತಿ’ಯ ಅಡಿಯಲ್ಲಿ ‘ಪಾಲನಾ’ ಎಂಬ ಹೊಸ ಹೆಸರು ಪಡೆಯಿತು. ಅಂಗನವಾಡಿಯೊಡನೆಯೇ ಶಿಶುಪಾಲನಾ ಕೇಂದ್ರವನ್ನೂ ನಡೆಸುವುದು ಇದರ ಮುಖ್ಯ ಉದ್ದೇಶ. ಖರ್ಚನ್ನು ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40 ಎಂಬ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ತಾಯಂದಿರು ನೆನಪಿನಲ್ಲಿಡಬೇಕಾದ ಬದಲಾವಣೆ ಒಂದಿದೆ. ಮೊದಲು ತಾಯಿ ದುಡಿಯುವವಳೇ ಎಂದು ಕೇಳುತ್ತಿದ್ದರು. ಈಗ ತಾಯಿ ಹೊರಗೆ ದುಡಿಯಲಿ, ಮನೆಯಲ್ಲಿರಲಿ, 6 ತಿಂಗಳಿಂದ 6 ವರ್ಷದವರೆಗಿನ ಎಲ್ಲ ಮಕ್ಕಳೂ ಪಾಲನಾ ಕೇಂದ್ರಕ್ಕೆ ಅರ್ಹರು.

ಹಳೆಯ ಪದ್ಧತಿ ಮುಗಿದ ಮೇಲೆ ನಮ್ಮ ಕೇಂದ್ರಕ್ಕೆ ಸಹಾಯಧನ ಬರುತ್ತಿಲ್ಲ. ಪಾಲಕರ ವಂತಿಗೆ, ದಾನಿಗಳ ದಾಸೋಹ, ಇವೆರಡರಿಂದಲೇ ಒಲೆ ಉರಿಯುತ್ತಿದೆ. ಸಭೆಯಲ್ಲಿ ಹಿರಿಯರು ಕೇಳಿದ ಪ್ರಶ್ನೆಗೆ ಇದೇ ನಮ್ಮ ಪ್ರಾಂಜಲವಾದ ಉತ್ತರ. ಸರ್ಕಾರದ ನೆರವು ನಿಂತಿಲ್ಲ, ಅದು ಬರುವ ಬಾಗಿಲು ಬದಲಾಗಿದೆ. ಆದಕಾರಣ ಎಲ್ಲರೂ ನಮ್ಮಲ್ಲಿಗೇ ಬನ್ನಿರೆಂದು ನಾವು ಹೇಳುವುದಿಲ್ಲ. ನಿಮಗೆ ಸಲ್ಲಬೇಕಾದುದು ಎಲ್ಲಿ ದೊರೆಯುವುದೋ ಅಲ್ಲಿಗೆ ಮೊದಲು ಹೋಗಿರಿ ಎಂದೇ ಹೇಳುತ್ತೇವೆ.

ನಮ್ಮೂರು ಈಗ ಪಟ್ಟಣ ಪಂಚಾಯಿತಿ. ಸುತ್ತಲಿನ ಡಣಾಯಕನಕೆರೆ, ಚಿಲಕನಹಟ್ಟಿ ಮೊದಲಾದವು ಗ್ರಾಮ ಪಂಚಾಯಿತಿಗಳು. ನೆರವಿನ ವಿಷಯದಲ್ಲಿ ಈ ಭೇದ ದೊಡ್ಡದು. 2023ರ ಜುಲೈ ತಿಂಗಳ ಆಯವ್ಯಯದಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮತ್ತು ಸುತ್ತಲಿನ ಇತರ ಕೂಲಿಕಾರ ಮಹಿಳೆಯರ ಮಕ್ಕಳಿಗೆ ಅದು ಆಶ್ರಯ. ಹಳ್ಳಿಯಲ್ಲಿರುವ ನಮ್ಮ ಬಂಧುಗಳು ತಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ ಎಂದು ತಪ್ಪದೆ ವಿಚಾರಿಸಬೇಕು. ಉದ್ಯೋಗ ಖಾತರಿಯ 2005ರ ಕಾಯಿದೆಯ ಬದಲಿಗೆ ಸಂಸತ್ತು 2025ರ ಡಿಸೆಂಬರಿನಲ್ಲಿ ಬೇರೊಂದು ಕಾಯಿದೆಯನ್ನು ಅಂಗೀಕರಿಸಿದೆ. ಕೂಸಿನ ಮನೆ ಆ ಕೆಲಸದೊಡನೆ ಹೆಣೆದುಕೊಂಡೇ ಹುಟ್ಟಿದ್ದರಿಂದ, ಮುಂದಿನ ವ್ಯವಸ್ಥೆ ಏನೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ನಿಮಗಿದೆ. ಪಟ್ಟಣದ ಎಲ್ಲೆಯೊಳಗಿನವರು ಮಾತ್ರ ಅಂಗನವಾಡಿಯನ್ನೂ ಪಾಲನಾ ಕೇಂದ್ರವನ್ನೂ ನೆಚ್ಚಬೇಕಾಗುತ್ತದೆ.

ಅಂಗನವಾಡಿಯ ವಿಷಯದಲ್ಲಿಯೂ ಒಂದು ಮಾತು. ಮೂರು ವರ್ಷದ ಮೇಲಿನ ಮಕ್ಕಳು ಅಲ್ಲಿ ಕುಳಿತು ಕಲಿಯುತ್ತವೆ, ಬಿಸಿಯೂಟ ಉಣ್ಣುತ್ತವೆ. ಅದಕ್ಕೂ ಚಿಕ್ಕ ಕೂಸಿಗೆ ಆಹಾರವನ್ನು ಮನೆಗೆ ಒಯ್ಯಲು ಕೊಡುತ್ತಾರೆ. 2025ರ ಜುಲೈ 1ರಿಂದ ಈ ಆಹಾರ ಪಡೆಯುವವರ ಮುಖವನ್ನು ಮೊಬೈಲಿನಲ್ಲಿ ಗುರುತಿಸಿಯೇ ಕೊಡಬೇಕೆಂಬ ನಿಯಮ ಬಂದಿದೆ. ಫೋನ್ ನಂಬರ್ ಬದಲಾಗಿದ್ದರೆ, ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದ್ದರೆ ಮೊದಲೇ ಸರಿಪಡಿಸಿಕೊಳ್ಳಿರಿ. ಆಮೇಲೆ ಕಾರ್ಯಕರ್ತೆಯೊಡನೆ ಜಗಳವಾಡುವುದರಿಂದ ಪ್ರಯೋಜನವಿಲ್ಲ. ನಿಯಮ ಮಾಡಿದವಳು ಅವಳಲ್ಲ.

ಕಾರ್ಖಾನೆಗಳಲ್ಲಿ ದುಡಿಯುವ ಸೋದರಿಯರು ಅರಿತಿರಬೇಕಾದುದು ಇನ್ನೊಂದು. 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಗೃಹವಿರಬೇಕೆಂದು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಬಿಡಬೇಕೆಂದು ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಹಕ್ಕು ಉಳಿದಿದೆ. ಕಟ್ಟಡದ ಕೆಲಸ ಮಾಡುವ ತಾಯಂದಿರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ್ದರೆ ‘ತಾಯಿ ಮಗು ಸಹಾಯ ಹಸ್ತ’ ಎಂಬ ನೆರವಿಗೆ ಅರ್ಜಿ ಹಾಕಬಹುದು. ಮಗುವಿಗೆ ಮೂರು ವರ್ಷ ತುಂಬುವವರೆಗೆ ವರ್ಷಕ್ಕೆ 6,000 ರೂಪಾಯಿ ನೀಡುವ ಯೋಜನೆ ಅದು.

ಇಷ್ಟೆಲ್ಲ ಬರೆಯುವಾಗ ನಮ್ಮೂರಿನ ರಂಗಭೂಮಿಯ ತಾಯಂದಿರು ನೆನಪಾಗುತ್ತಾರೆ. ಕಲಾವಿದೆಯರ ಊರೆಂದು ನಾಡಿಗೆ ಪರಿಚಿತವಾದ ಊರು ನಮ್ಮದು. ಕೂಸನ್ನು ಪರದೆಯ ಹಿಂದೆ ಮಲಗಿಸಿ, ರಂಗದ ಮೇಲೆ ಬಂದು ಹಾಡಿ, ಮತ್ತೆ ಒಳಗೆ ಹೋಗಿ ಹಾಲುಣಿಸಿದ ತಾಯಂದಿರ ಕಥೆಯನ್ನು ಹಿರಿಯರ ಬಾಯಿಂದ ಕೇಳಿ ಬೆಳೆದವರು ನಾವು. ಆ ಹೊತ್ತಿನಲ್ಲಿ ಕೂಸಿನ ಪಕ್ಕ ಕುಳಿತ ಇನ್ನೊಬ್ಬ ಹೆಣ್ಣುಮಗಳು ಇದ್ದೇ ಇದ್ದಳು. ಅವಳ ಹೆಸರು ಯಾವ ಕರಪತ್ರದಲ್ಲಿಯೂ ಅಚ್ಚಾಗಲಿಲ್ಲ, ಅವಳಿಗೆ ಸಂಭಾವನೆಯೂ ಇರಲಿಲ್ಲ. ಕೂಸು ನೋಡಿಕೊಳ್ಳುವುದೂ ಒಂದು ಕಾಯಕ, ಅದಕ್ಕೂ ಬೆಲೆಯುಂಟು ಎಂದು ಒಪ್ಪಲು ನಮಗೆ ಇಷ್ಟು ಕಾಲ ಹಿಡಿಯಿತು.

ಕೊನೆಯದಾಗಿ ಸಮಾಜ ಬಾಂಧವರಲ್ಲಿ ಎರಡು ಅರಿಕೆ. ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರ ಮತ್ತು ತಾಯಿ ಕಾರ್ಡು, ಈ ನಾಲ್ಕನ್ನು ಒಂದೇ ಚೀಲದಲ್ಲಿಟ್ಟು ಮನೆಯ ಗೂಟಕ್ಕೆ ತೂಗುಹಾಕಿರಿ. ನಿಯಮ ಎಷ್ಟು ಸಲ ಬದಲಾದರೂ ಕೇಳುವ ಕಾಗದಗಳು ಹೆಚ್ಚುಕಡಿಮೆ ಇವೇ. ಎರಡನೆಯದಾಗಿ, ವಂತಿಗೆ ಹೆಚ್ಚಾಯಿತೆಂದು ಕೂಸನ್ನು ಬಿಡಿಸುವ ಮೊದಲು ನಮ್ಮನ್ನಾಗಲಿ, ನಿಮ್ಮ ಓಣಿಯ ಅಂಗನವಾಡಿ ಕಾರ್ಯಕರ್ತೆಯನ್ನಾಗಲಿ ಒಂದು ಮಾತು ಕೇಳಿರಿ. ಕೇಳುವುದರಲ್ಲಿ ಸಂಕೋಚ ಬೇಡ.

ನಮ್ಮ ಬಾಗಿಲಲ್ಲಿ ಈಗ ಹಾಳೆ ಅಂಟಿಸುವುದನ್ನು ಬಿಟ್ಟಿದ್ದೇವೆ. ಪ್ರತಿ ತಿಂಗಳ ಮೊದಲ ಸೋಮವಾರ ಸಂಜೆ, ಕೂಸುಗಳನ್ನು ಕರೆದೊಯ್ಯಲು ಬಂದ ತಾಯಂದಿರನ್ನು ಕೂರಿಸಿಕೊಂಡು ಏನು ಬದಲಾಗಿದೆ, ಯಾರಿಗೆ ಏನು ಸಲ್ಲುತ್ತದೆ ಎಂದು ಬಾಯಿಬಿಟ್ಟು ಹೇಳುತ್ತೇವೆ. ಅಂದು ಬೇವಿನ ಮರದ ಕೆಳಗಿದ್ದ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಓದಲು ಬಾರದ ತಾಯಂದಿರ ಅರ್ಜಿಗಳನ್ನು ಆ ಸಂಜೆ ಕುಳಿತು ತುಂಬಿಕೊಡುವವಳು ಅವಳೇ.