ಪುಟ್ಟ ಬೋರ್ಡಿನ ಬೆಲೆ ಏರುವುದೇಕೆ?

ಚಿಪ್‌ಗಳು ವರ್ಷ ಕಳೆದಂತೆ ಅಗ್ಗವಾಗುತ್ತಲೇ ಹೋಗುತ್ತವೆ ಎಂಬ ನಂಬಿಕೆಗೆ ಅರ್ಧ ಶತಮಾನದ ಅನುಭವದ ಬೆಂಬಲವಿತ್ತು. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು ಬ್ರಿಟನ್ನಿನಲ್ಲಿ ರೂಪುಗೊಂಡು, 2012ರ ಫೆಬ್ರುವರಿಯಲ್ಲಿ 35 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಆ ನಂಬಿಕೆಯ ಫಲವೇ ಆಗಿತ್ತು. 2021ರ ಅಕ್ಟೋಬರ್‌ನಲ್ಲಿ ಅದರ 2 ಜಿಬಿ ಮಾದರಿಯ ಬೆಲೆ 35ರಿಂದ 45 ಡಾಲರ್‌ಗೆ ಏರಿದಾಗ ಅದನ್ನು ಕೋವಿಡ್ ಕಾಲದ ತಾತ್ಕಾಲಿಕ ತೊಡಕೆಂದು ಬಗೆಯಲಾಯಿತಾದರೂ, 2025ರ ಡಿಸೆಂಬರ್‌ನಲ್ಲಿ ಬೋರ್ಡುಗಳ ಬೆಲೆ ಮತ್ತೆ ಏರಿತು. ಎರಡು ಏರಿಕೆಗಳ ತಕ್ಷಣದ ಕಾರಣಗಳು ಬೇರೆಯಾದರೂ ಬೇರು ಒಂದೇ: ಅಗ್ಗದ ಚಿಪ್‌ಗೆಂದು ಹೊಸದಾಗಿ ಬಂಡವಾಳ ಹೂಡುವವರು ವಿರಳ, ಅದು ಹೆಚ್ಚು ಲಾಭದ ಸರಕಿಗಾಗಿ ಕಟ್ಟಿದ ಕಾರ್ಖಾನೆಯಲ್ಲಿ, ಉಳಿದ ಜಾಗದಲ್ಲಿ ತಯಾರಾಗುತ್ತದೆ.

2021ರಲ್ಲಿ ಕೊರತೆಯಾದದ್ದು ಅತ್ಯಾಧುನಿಕ ಚಿಪ್‌ಗಳಷ್ಟೇ ಅಲ್ಲ. ಚಿಪ್‌ನ ತಂತ್ರಜ್ಞಾನದ ತಲೆಮಾರನ್ನು ನ್ಯಾನೋಮೀಟರ್‌ಗಳಲ್ಲಿ ಗುರುತಿಸುವುದು ರೂಢಿ. ಸಂಖ್ಯೆ ಚಿಕ್ಕದಾದಷ್ಟೂ ತಂತ್ರಜ್ಞಾನ ಹೊಸದು. ಪೈ 3 ಮತ್ತು ಪೈ ಝೀರೋ ಬೋರ್ಡುಗಳ ಮುಖ್ಯ ಚಿಪ್ 40 ನ್ಯಾನೋಮೀಟರ್‌ನ ಹಳೆಯ ತಲೆಮಾರಿನದು, ಮತ್ತು ಅದು ಅಗ್ಗವಾಗಿದ್ದುದಕ್ಕೆ ಮುಖ್ಯ ಕಾರಣ ಅದನ್ನು ತಯಾರಿಸುವ ಯಂತ್ರಗಳ ಅಸಲು ಎಂದೋ ತೀರಿಹೋಗಿರುವುದು. ಇಲ್ಲಿಯೇ ಸಮಸ್ಯೆಯ ಗಂಟಿದೆ. ಬೇಡಿಕೆ ಹೆಚ್ಚಿತೆಂದು ಅದೇ ಚಿಪ್‌ಗೆ ಹೊಸ ಕಾರ್ಖಾನೆ ಕಟ್ಟಿದರೆ, ಹೊಸ ಯಂತ್ರಗಳ ಸಾಲದ ಹೊರೆಯನ್ನು ಹಳೆಯ ಬೆಲೆ ತಾಳಲಾರದು. ಆದ್ದರಿಂದ ಬೇಡಿಕೆ ಏರಿದರೂ ಪೂರೈಕೆ ಇದ್ದಲ್ಲಿಯೇ ನಿಲ್ಲುತ್ತದೆ. 2020ರಲ್ಲಿ ಖರೀದಿಯನ್ನು ರದ್ದುಪಡಿಸಿದ್ದ ಕಾರು ತಯಾರಕರು ಕೆಲವೇ ತಿಂಗಳಲ್ಲಿ ಹಿಂತಿರುಗಿ ಬಂದಾಗ ಅವರ ಸ್ಥಾನ ಆಗಲೇ ಬೇರೆಯವರ ಪಾಲಾಗಿತ್ತು. ಜೊತೆಗೆ 2021ರ ಫೆಬ್ರುವರಿಯ ಚಳಿಗೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ವಿದ್ಯುತ್ ಕಡಿತಗೊಂಡು ಚಿಪ್ ಕಾರ್ಖಾನೆಗಳು ನಿಂತವು, ಮಾರ್ಚ್‌ನಲ್ಲಿ ಜಪಾನಿನ ನಾಕಾದಲ್ಲಿರುವ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿತ್ತು. ಕೊರತೆಯ ಭಯದಿಂದ ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಆರ್ಡರ್ ಕೊಟ್ಟದ್ದು ಕೊರತೆಯನ್ನು ಇನ್ನಷ್ಟು ಹಿಗ್ಗಿಸಿತು.

2025ರ ಏರಿಕೆಯ ಮೂಲವನ್ನು ಬೋರ್ಡಿನ ಮೇಲೆಯೇ ಕಾಣಬಹುದು. ಪೈ 5ರ 4 ಜಿಬಿ ಮತ್ತು 16 ಜಿಬಿ ಬೋರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮುಖ್ಯ ವ್ಯತ್ಯಾಸ ಇರುವುದು ಪ್ರೊಸೆಸರ್‌ನ ಬದಿಗೆ ಬೆಸುಗೆ ಹಾಕಿದ, ಉಗುರಿನಗಲದ ಕಪ್ಪು ಮೆಮೊರಿ ಚಿಪ್‌ನಲ್ಲಿ. ಮೊದಲನೆಯದರ ಬೆಲೆ 60ರಿಂದ 70 ಡಾಲರ್‌ಗೆ ಏರಿದರೆ ಎರಡನೆಯದರದು 120ರಿಂದ 145ಕ್ಕೆ ಏರಿತು. ತುಟ್ಟಿಯಾದದ್ದು ಮೆಮೊರಿಯೇ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಜಗತ್ತಿನ ಡಿ-ರ್‍ಯಾಮ್ ಮೆಮೊರಿಯ ಬಹುಪಾಲನ್ನು ತಯಾರಿಸುವವು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಕಾಗುವ ಎಚ್‌ಬಿಎಂ, ಅಂದರೆ ಮೆಮೊರಿ ಪದರಗಳನ್ನು ಒಂದರ ಮೇಲೊಂದು ಪೇರಿಸಿದ ಅತಿವೇಗದ ಚಿಪ್, ಇದೇ ಕಂಪನಿಗಳಲ್ಲಿ ತಯಾರಾಗುತ್ತದೆ; ಅಷ್ಟೇ ಸಂಗ್ರಹ ಸಾಮರ್ಥ್ಯಕ್ಕೆ ಅದು ಸಾಮಾನ್ಯ ಮೆಮೊರಿಯ ಸುಮಾರು ಮೂರು ಪಟ್ಟು ವೇಫರ್, ಎಂದರೆ ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆಯನ್ನು, ಬಳಸಿಕೊಳ್ಳುತ್ತದೆ. ಲಾಭ ಅಲ್ಲಿರುವಾಗ ಬಿಲ್ಲೆಗಳೂ ಅಲ್ಲಿಗೇ ಹೋಗುತ್ತವೆ.

ಇದರ ಪೆಟ್ಟು ಮೊದಲು ಬೀಳುವುದು ಮುಂಗಡ ಒಪ್ಪಂದದ ಬಲವಿಲ್ಲದ ಸಣ್ಣ ಖರೀದಿದಾರರ ಮೇಲೆ: ಪ್ರಯೋಗಾಲಯಕ್ಕೆ ಹತ್ತು ಬೋರ್ಡು ಬೇಕಾದ ಕಾಲೇಜು, ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಿಂದ ಬಿಡಿಯಾಗಿ ಕೊಳ್ಳುವ ವಿದ್ಯಾರ್ಥಿ, ಪೀಣ್ಯದ ಸಣ್ಣ ಉದ್ಯಮಿ. ಡಾಲರ್ ಎದುರು ರೂಪಾಯಿ ಕುಸಿದಾಗ ಆ ಹೊರೆಯೂ ಇವರ ತಲೆಗೇ ಬರುತ್ತದೆ. ಚಿಪ್ ವಿನ್ಯಾಸದಲ್ಲಿ ಜಗತ್ತಿನ ದೊಡ್ಡ ಕೇಂದ್ರಗಳಲ್ಲೊಂದಾದ ನಗರದಲ್ಲಿ ಚಿಪ್‌ನ ಬೆಲೆಯ ಮೇಲೆ ಯಾವ ಹಿಡಿತವೂ ಇಲ್ಲದಿರುವುದು ನೋವಿನ ಸಂಗತಿ.

ಈ ಹಿನ್ನೆಲೆಯಲ್ಲಿ, ಗುಜರಾತಿನ ಧೋಲೇರಾದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ತೈವಾನಿನ ಪಿಎಸ್‌ಎಂಸಿ ಜೊತೆಗೂಡಿ 91,000 ಕೋಟಿ ರೂಪಾಯಿ ವೆಚ್ಚದಲ್ಲಿ ಕೈಗೊಂಡಿರುವ ಕಾರ್ಖಾನೆಯನ್ನು, 28ರಿಂದ 110 ನ್ಯಾನೋಮೀಟರ್‌ನ ಹಳೆಯ ತಂತ್ರಜ್ಞಾನವೆಂದು ಹೀಗಳೆಯುವುದು ಸರಿಯಲ್ಲ. 2021ರಲ್ಲಿ ಎಲ್ಲರೂ ಹುಡುಕಾಡಿದ 40 ನ್ಯಾನೋಮೀಟರ್ ಆ ಪಟ್ಟಿಯಲ್ಲಿಯೇ ಇದೆ, ಮತ್ತು ಸರ್ಕಾರದ ಸಹಾಯಧನವಿಲ್ಲದೆ ಅಂಥ ಸಾಮರ್ಥ್ಯ ಬೆಳೆಯದು. ಸಾರ್ವಜನಿಕ ಹಣ ಪಡೆದ ಕಾರ್ಖಾನೆ ತನ್ನ ಉತ್ಪಾದನೆಯ ಒಂದು ಪಾಲನ್ನು ದೇಶದ ಸಣ್ಣ ಖರೀದಿದಾರರಿಗೆ ಮೀಸಲಿಡಬೇಕೆಂಬ ಷರತ್ತು ಈಗಲೇ ಬೇಕು. ಮೆಮೊರಿಯ ಮಾತು ಬೇರೆ: ಸಾಣಂದ್‌ನಲ್ಲಿರುವ ಮೈಕ್ರಾನ್ ಘಟಕದ ಕೆಲಸ ಹೊರದೇಶದಲ್ಲಿ ಸಿದ್ಧವಾದ ಬಿಲ್ಲೆಗಳಿಂದ ಚಿಪ್ ಜೋಡಿಸಿ ಪರೀಕ್ಷಿಸುವುದಷ್ಟೇ ಆಗಿರುವುದರಿಂದ, ಬೋರ್ಡಿನ ಮೇಲಿನ ಆ ಉಗುರಿನಗಲದ ಕಪ್ಪು ಚೌಕದ ಬೆಲೆ ಸದ್ಯಕ್ಕೆ ಆ ಮೂರು ಕಂಪನಿಗಳ ಕೈಯಲ್ಲಿಯೇ ಉಳಿಯುತ್ತದೆ.