ಅಂಕಿಯ ಹಿಂದಿನ ಕಾರಣ

ಪೀಣ್ಯದ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಮೊನ್ನೆ ಬೇರಿಂಗ್ ಹೌಸಿಂಗ್‌ನ ಹಳೆಯ ಕ್ಯಾಡ್ ಫೈಲ್ ತೆರೆದು ಕೂತಿದ್ದೆವು. ಅದು 6205 ಬೇರಿಂಗಿಗೆಂದು ಮಾಡಿದ್ದು. ಆ ಬೇರಿಂಗಿನ ಹೊರವ್ಯಾಸ 52 ಮಿ.ಮೀ. ಗಿರಾಕಿಗೆ ಈಗ 6206 ಬೇಕು, ಅಂದರೆ 62. “ಐದು ನಿಮಿಷದ ಕೆಲಸ ಸಾರ್” ಅಂದ ಡಿಸೈನ್ ಕಲಿಯಲು ಬಂದಿರುವ ಹುಡುಗ.

52 ಅಳಿಸಿ 62 ಹೊಡೆದ. ಬೋರ್ ದೊಡ್ಡದಾಯಿತು, ಹೊರಮೈ ಮಾತ್ರ 72ರಲ್ಲೇ ನಿಂತಿತು. 10 ಮಿ.ಮೀ. ಇದ್ದ ಗೋಡೆ ಐದಕ್ಕೆ ಇಳಿಯಿತು. ಹೊರಮೈಯನ್ನು 82 ಮಾಡಿದ. ಬೋಲ್ಟ್ ತೂತುಗಳ ಪಿ.ಸಿ.ಡಿ. (ತೂತುಗಳ ನಡುಬಿಂದುಗಳು ಕೂರುವ ವೃತ್ತದ ವ್ಯಾಸ) 90 ಇತ್ತಲ್ಲ, ಈಗ ತೂತಿನ ನಡುವಿನಿಂದ ಗೋಡೆಗೆ ಉಳಿದದ್ದು 4 ಮಿ.ಮೀ. ಎಂ8 ಬೋಲ್ಟಿನ ತಲೆಯೇ 13 ಅಗಲ. ಕೂರಲು ಜಾಗವಿಲ್ಲದ ಮೇಲೆ ಸ್ಪ್ಯಾನರ್ ಎಲ್ಲಿಂದ ಹೋಗಬೇಕು? ಪಿ.ಸಿ.ಡಿ. ಹಿಗ್ಗಿಸಿದರೆ ಫ್ಲ್ಯಾಂಜಿನ ಅಂಚು ಸಾಲದು. ಅದನ್ನೂ ಹಿಗ್ಗಿಸುವಷ್ಟರಲ್ಲಿ ಮೂಲೆಯನ್ನು ದುಂಡಾಗಿಸುವ ಫಿಲೆಟ್ ಕೈಕೊಟ್ಟು ಪರದೆಯಲ್ಲಿ ಕೆಂಪು ಗುರುತು. ಬೇರಿಂಗಿನ ಅಗಲವೂ 15ರಿಂದ 16 ಆಗಿದೆ ಎಂಬುದು ನೆನಪಾದದ್ದು ಆಮೇಲೆ.

ಆ ಫೈಲಿನಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. 72 ಎಂದು ಬರೆದಿತ್ತು. ಯಾಕೆ 72 ಎಂಬುದು ಬರೆದವನ ತಲೆಯಲ್ಲೇ ಉಳಿದಿತ್ತು.

ರವಿಕೆ ಹೊಲಿಯುವವರು ಬಟ್ಟೆಗೆ ಸೀಮೆಸುಣ್ಣ ಹಚ್ಚುವುದನ್ನು ನೋಡಿ. ಎದೆಯ ಸುತ್ತಳತೆ 36 ಎಂದರೆ ಕಾಲುಭಾಗ 9, ಅದಕ್ಕೆ ಹೊಲಿಗೆಗೆ ಇಷ್ಟು, ಸಡಿಲಕ್ಕೆ ಇಷ್ಟು. ಅವರ ಕೈಯಲ್ಲಿರುವುದು ಒಬ್ಬರ ಅಳತೆಗಿಂತ ಹೆಚ್ಚಾಗಿ ಅಳತೆಗಳ ನಡುವಿನ ನಂಟು. ಕಂಪ್ಯೂಟರಿಗೆ ಈ ನಂಟನ್ನು ಮೊದಲು ಕಲಿಸಿದವರಲ್ಲಿ ಐವಾನ್ ಸದರ್‌ಲ್ಯಾಂಡ್ ಮುಖ್ಯರು. 1963ರಲ್ಲಿ ಎಂಐಟಿಯಲ್ಲಿ ಅವರು ರೂಪಿಸಿದ ತಂತ್ರಾಂಶ ಸ್ಕೆಚ್‌ಪ್ಯಾಡ್‌ನಲ್ಲಿ ಲೈಟ್ ಪೆನ್‌ನಿಂದ ಒರಟಾಗಿ ಎರಡು ಗೆರೆ ಎಳೆದು, ‘ಇವೆರಡೂ ಸಮಾಂತರವಾಗಿರಲಿ’ ಎಂದರೆ ಯಂತ್ರವೇ ಸರಿಪಡಿಸಿಕೊಳ್ಳುತ್ತಿತ್ತು. ಘನಾಕೃತಿಗಳಿಗೆ ಇದೇ ವಿಚಾರವನ್ನು ಕಾರ್ಖಾನೆಯ ಮಟ್ಟದಲ್ಲಿ ತಂದದ್ದು 1980ರ ದಶಕದ ಕೊನೆಯಲ್ಲಿ ಬಂದ ಪ್ರೊ-ಎಂಜಿನಿಯರ್ ತಂತ್ರಾಂಶ. ಸೌಲಭ್ಯ ಬಂದು ಇಷ್ಟು ವರ್ಷವಾದರೂ ಬರೀ ಅಂಕಿ ಹೊಡೆದು ಮುಗಿಸುವ ಅಭ್ಯಾಸ ಹೋಗಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಒಂದೇ ಭಾಗವನ್ನು ಮತ್ತೆ ಮತ್ತೆ ಮೊದಲಿಂದ ಬರೆಯುತ್ತ ಎಷ್ಟು ಜನರ ಎಷ್ಟು ಸಂಜೆಗಳು ಹೋಗುತ್ತವೆ!

ಮರುದಿನ ಮೌಸ್ ಮುಟ್ಟದೆ ಕಾಗದದ ಮೇಲೆ ಶುರುಮಾಡಿದೆವು. ಮುಂದೆ ಬದಲಾಗುವುದು ಬೇರಿಂಗ್ ಮತ್ತು ಬೋಲ್ಟ್, ಎರಡೇ; ಆದ್ದರಿಂದ ಕೈಯಿಂದ ಕೊಡುವ ಚರಾಂಕಗಳೂ ಅವೆರಡೇ. ಎಲ್ಲ ಅಳತೆಗೂ ಹೆಸರಿಟ್ಟು ನಲವತ್ತು ಚರಾಂಕ ತುಂಬಿದ ಫೈಲುಗಳನ್ನು ಕಂಡಿದ್ದೇನೆ, ಅವನ್ನು ಮುಟ್ಟಲು ಯಾರಿಗೂ ಧೈರ್ಯವಿರುವುದಿಲ್ಲ. ಬೇರಿಂಗ್ ನಂಬರ್ ಕೊಟ್ಟರೆ ವ್ಯಾಸವೂ ಅಗಲವೂ ಪಟ್ಟಿಯಿಂದ ಬರಬೇಕು. ಹೊರಮೈ ಬೇರಿಂಗಿನ ವ್ಯಾಸಕ್ಕಿಂತ 20 ಹೆಚ್ಚು, ಪಿ.ಸಿ.ಡಿ. ಹೊರಮೈಗಿಂತ 18 ಹೆಚ್ಚು, ಫ್ಲ್ಯಾಂಜ್ ಇನ್ನೂ 20 ಹೆಚ್ಚು. ಕೊನೆಯ ಈ 18, 20 ಎಂ8 ಬೋಲ್ಟಿನ ಲೆಕ್ಕ, ಬೋಲ್ಟ್ ಬದಲಾದರೆ ಇವೂ ಬದಲು.

ಫಿಲೆಟ್ ಮುರಿದದ್ದರ ಕಥೆ ಬೇರೆ. ನಾವು ಬಳಸುವ ಫ್ರೀಕ್ಯಾಡ್ ತಂತ್ರಾಂಶ ಪ್ರತಿ ಅಂಚಿಗೂ ಕ್ರಮಸಂಖ್ಯೆಯ ಹೆಸರಿಡುತ್ತದೆ. ಆಕಾರದಲ್ಲಿ ಒಂದು ತೂತು ಹೆಚ್ಚಿದರೆ ಹನ್ನೆರಡನೆಯ ಅಂಚು ಹದಿನಾಲ್ಕನೆಯದಾಗಬಹುದು, ಫಿಲೆಟ್ ಮಾತ್ರ ಹಳೆಯ ಹನ್ನೆರಡನ್ನೇ ಹುಡುಕುತ್ತದೆ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿ ಈ ತೊಂದರೆಯನ್ನು ಬಹಳಷ್ಟು ತಗ್ಗಿಸಿದೆ. ಆದರೂ ಸ್ಕೆಚ್ಚುಗಳನ್ನು ಭಾಗದ ಮೈಮೇಲೆ ಅಂಟಿಸದೆ ಮೂಲ ಸಮತಲಗಳಿಗೇ ಕಟ್ಟಿದೆವು, ಅಕ್ಷ ಮೂಲಬಿಂದುವಿನಲ್ಲೇ ಹಾಯುವಂತೆ ನೋಡಿಕೊಂಡೆವು, ಫಿಲೆಟ್‌ಗಳನ್ನೆಲ್ಲ ಕಟ್ಟಕಡೆಗೆ ಹಾಕಿದೆವು.

ಮುಗಿದ ಮೇಲೆ ಹುಡುಗ ತಾನಾಗಿಯೇ 6207 ಆರಿಸಿದ. ಬೋರ್ 72, ಹೊರಮೈ 92, ಪಿ.ಸಿ.ಡಿ. 110, ಫ್ಲ್ಯಾಂಜ್ 130. ಎಲ್ಲೂ ಕೆಂಪು ಬರಲಿಲ್ಲ. ಸ್ವಲ್ಪ ಹೊತ್ತು ತೆರೆಯನ್ನೇ ನೋಡಿ ಕೇಳಿದ: “ಸಾರ್, ಗೋಡೆ 10 ಯಾಕೆ? ಬೇರಿಂಗ್ ದೊಡ್ಡದಾದರೂ ಅಷ್ಟೇ ಸಾಕಾ?” ಫೈಲನ್ನು ಉಳಿಸಿ, ಅದನ್ನು ಕೇಳಲು ಇಬ್ಬರೂ ಈ ಹೌಸಿಂಗ್ ಎರಕ ಹೊಯ್ಯುವವರ ಹತ್ತಿರ ಹೊರಟೆವು.